ಅಳಿಯಂದಿರ ಕೈಯಲ್ಲಿದ್ದ ಚೀಲ

ಕಳೆದ ವಾರ ಕೊನೆಯ ತಪಾಸಣೆಯೂ ಮುಗಿಯಿತು. ವೈದ್ಯರು ಫೈಲು ಮುಚ್ಚಿ, "ಮೇಷ್ಟ್ರೇ, ಇನ್ನು ಆರು ತಿಂಗಳು ಈ ಕಡೆ ತಲೆ ಹಾಕಬೇಡಿ" ಎಂದರು. ಪ್ರೋಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಶಸ್ತ್ರಚಿಕಿತ್ಸೆಯ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಎಳನೀರು ತಂದವರಿಗೆ, ನಾನಿಲ್ಲದಾಗ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿಕೊಟ್ಟ ನೆರೆಯವರಿಗೆ, ರಕ್ತ ಬೇಕಾದೀತೆಂದು ಬಂದು ಕಾದು ಕುಳಿತ ಹಳೆಯ ವಿದ್ಯಾರ್ಥಿಗಳಿಗೆ ಎಲ್ಲರಿಗೂ ಸೇರಿಸಿ ಒಂದೇ ನಮಸ್ಕಾರ. ಬೇಸರಿಸಬೇಡಿ, ಉಳಿದದ್ದೆಲ್ಲ ಒಬ್ಬರಿಗೆ.

ಭೀಮನ ಅಮಾವಾಸ್ಯೆಗೆ ಮಗಳು, ಅಳಿಯಂದಿರು ಬಂದಿದ್ದರು. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯನ್ನು ನಾನು ಎರಡು ದಿನ ನುಂಗಿದ್ದೆ. ಮೂಗು ಬಿಡಿಸುವ ಆ ಮಾತ್ರೆ ಮೂತ್ರಕೋಶದ ಬಾಯನ್ನು ಬಿಗಿಯಬಲ್ಲದು, ಪ್ರೋಸ್ಟೇಟ್ ದಪ್ಪವಾದವರು ಅದನ್ನು ಕೇಳದೆ ಮುಟ್ಟಬಾರದು ಎಂದು ಆಮೇಲೆ ತಿಳಿಯಿತು. ಸಂಜೆಯಿಂದ ಒಂದು ಹನಿ ಬಿದ್ದಿರಲಿಲ್ಲ. ಹನ್ನೊಂದರ ಹೊತ್ತಿಗೆ ಕಿಬ್ಬೊಟ್ಟೆ ತೆಂಗಿನಕಾಯಿಯಷ್ಟು ಗಟ್ಟಿ. ರಾತ್ರಿ ನಾಲ್ಕು ಸಲ ಏಳುವುದನ್ನು ಮೂರು ವರ್ಷ ಹೆಂಡತಿಗೂ ಸರಿಯಾಗಿ ಹೇಳದವನು ಆಗಲೂ "ಗ್ಯಾಸ್" ಎಂದೆ.

ಅಳಿಯಂದಿರು ಬಾಗಿಲ ಬಳಿ ನಿಂತು ಕೇಳಿದರು: "ಮಾವ, ಒಂದಕ್ಕೆ ಹೋಗಿ ಎಷ್ಟು ಹೊತ್ತಾಯಿತು?"

ಮದುವೆಯಾದಾಗಿನಿಂದ ನಾವಿಬ್ಬರೂ ಅಡಿಕೆ ಧಾರಣೆ, ಮಳೆ ಬಿಟ್ಟು ಬೇರೇನೂ ಮಾತನಾಡಿದವರಲ್ಲ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್‌ನಷ್ಟು ದಾರಿ. ಜಡಿಮಳೆ. ಪ್ರತಿ ಹೊಂಡಕ್ಕೂ "ಹೊಂಡ ಇದೆ ಮಾವ" ಎಂದು ಮೊದಲೇ ಹೇಳಿ ನಿಧಾನಿಸುತ್ತಿದ್ದರು. ಮಂಡಗದ್ದೆಯವರೆಗೆ ಹಲ್ಲು ಕಚ್ಚಿ ತಡೆದೆ. ಸಕ್ರೆಬೈಲು ಬರುವಷ್ಟರಲ್ಲಿ ಅತ್ತುಬಿಟ್ಟೆ. ಎಪ್ಪತ್ತೊಂದು ವರ್ಷದ ಮುದುಕ, ಯಾರಿಗೆ ಮಗಳನ್ನು ಧಾರೆ ಎರೆದುಕೊಟ್ಟೆನೋ ಅವರ ಎದುರು. ಅವರು ವೈಪರ್ ಜೋರು ಮಾಡಿದರು, ಅಷ್ಟೇ. ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಮೂತ್ರಕ್ಕೆ ನಳಿಗೆ ಹಾಕಿದಾಗ ಇಳಿದದ್ದು 1,100 ಮಿಲಿಲೀಟರ್. ನಾಲ್ಕೈದು ನೂರಕ್ಕೇ ತುಂಬಿತೆನಿಸುವ ಮೂತ್ರಕೋಶ ಅದು. ನೋವು ಇಳಿದ ಆ ಗಳಿಗೆಯ ಸುಖವನ್ನು ಬರೆಯಲು ನನಗೆ ಬರುವುದಿಲ್ಲ. ವಾರ್ಡಿಗೆಲ್ಲ ನರ್ಸ್ ಒಬ್ಬರೇ. ಬೆಳಗಿನವರೆಗೆ ನನ್ನ ಮೂತ್ರದ ಚೀಲ ಬಸಿದು, ಅಳತೆಯನ್ನು ಔಷಧಿ ಚೀಟಿಯ ಬೆನ್ನಿಗೆ ಬರೆದಿಟ್ಟವರು ಅಳಿಯಂದಿರು. ನಮ್ಮ ಮನೆಗೆ ಬಂದರೆ ಕಾಲಿಗೆ ನೀರು ಕೊಡಲು ನಾವು ಚೊಂಬು ಹಿಡಿದು ನಿಲ್ಲುವುದು ಅವರಿಗೆ. "ನೀವು ಇದನ್ನೆಲ್ಲ ಮಾಡಬಾರದು" ಎಂದೆ.

ಚೀಲದ ಕೀಲಿ ತಿರುಗಿಸುತ್ತಲೇ ಹೇಳಿದರು: "ನಮ್ಮ ಅಪ್ಪ ಹೇಳಲೇ ಇಲ್ಲ ಮಾವ. ಕಿಡ್ನಿ ಹೋದ ಮೇಲೆ ನಮಗೆ ಗೊತ್ತಾಯಿತು."

ಆಮೇಲೆ ಕೈ ತೊಳೆದು ಬಂದು, ನನ್ನ ಕನ್ನಡಕ ಒರೆಸಿ ಕೊಟ್ಟರು.

ನನ್ನದು ಕ್ಯಾನ್ಸರ್ ಅಲ್ಲ, ವಯಸ್ಸಿನ ಜೊತೆ ಬರುವ ಬೆಳವಣಿಗೆ. ಇಪ್ಪತ್ತು ಗ್ರಾಂ ಆಸುಪಾಸಿನಲ್ಲಿರಬೇಕಾದ ಗ್ರಂಥಿ ಅರವತ್ತೆಂಟಾಗಿತ್ತು. ಮೊದಲೇ ಬಾಯಿ ಬಿಟ್ಟಿದ್ದರೆ ರಾತ್ರಿ ಊಟದ ನಂತರದ ಒಂದು ಮಾತ್ರೆಯಲ್ಲೇ ಸುಧಾರಿಸುತ್ತಿತ್ತೇನೋ. ಬಸ್ಸಿನಲ್ಲಿ ನೀರು ಕುಡಿಯದೆ ಕೂರುವ ನನ್ನ ವಯಸ್ಸಿನ ಗೆಳೆಯರೇ, ನಿಮ್ಮನ್ನು ನಾನು ನೋಡಿದ್ದೇನೆ. ಗುರುತು ಹತ್ತುತ್ತದೆ.

ಈಗ ರಾತ್ರಿ ಒಮ್ಮೆ ಏಳುತ್ತೇನೆ. ದಿನವೂ ಸಂಜೆ ಏಳಕ್ಕೆ ಫೋನ್ ಬರುತ್ತದೆ: "ಮಾವ, ಇನ್ನು ನೀರು, ಕಾಫಿ ಸಾಕು." ಏಳಕ್ಕೆ ಐದು ನಿಮಿಷವಿದೆ. ಕೈಯಲ್ಲಿರುವ ಲೋಟ ಖಾಲಿ ಮಾಡಬೇಕು.