ಸಂದು ನೋಡಿಕೋ ಮಗಳೇ

ಪ್ರೀತಿಯ ಪುಟ್ಟಿ,

ಸೋಮವಾರದಿಂದ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಪ್ರೆಂಟಿಸ್ ಅಂದೆ. ಅಮ್ಮನಿಗೆ ನಿನ್ನ ಊಟ, ರೂಮಿನ ಚಿಂತೆ. ಮಂಡ್ಯದ ಕಡೆ ಕಬ್ಬು ಅರೆಯುವ ಮಿಲ್ಲಿನಲ್ಲಿ ಫಿಟರ್ ಆಗಿದ್ದ ನನಗೆ ಬೇರೆಯದೇ ಚಿಂತೆ.

ಹೊಸಬರು ಜೋರಾಗಿ ಸದ್ದು ಮಾಡುವ ಮೆಷಿನ್ನಿಗೆ ಹೆದರುತ್ತಾರೆ. ಸದ್ದು ಕಿವಿ ಕೆಡಿಸುತ್ತದೆ, ನಿಜ. ಇಯರ್ ಪ್ಲಗ್ ಹಾಕಿಕೋ. ಆದರೆ ಬೆರಳು ಹೋಗುವುದು ಸಂದಿನಲ್ಲಿ. ನಮ್ಮೂರ ಆಲೆಮನೆಯ ಗಾಣ ನೋಡಿದ್ದೀಯಲ್ವಾ? ಎರಡು ರೋಲರ್ ಒಳಮುಖವಾಗಿ ಸುತ್ತಿ ಕಬ್ಬು ಕಚ್ಚುವ ಜಾಗ. ಕಬ್ಬು ಕೊಡುವವನು ಕೈ ಬಿಡುವುದರೊಳಗೆ ಬೆರಳನ್ನೂ ಎಳೆದುಕೊಂಡಿರುತ್ತದೆ. ಬೆಲ್ಟು ಪುಲ್ಲಿಗೆ ಸೇರುವಲ್ಲಿ, ಚೈನು ಹಲ್ಲಿನ ಚಕ್ರದ ಮೇಲೆ ಕೂರುವಲ್ಲಿ, ಕನ್ವೇಯರಿನ ಕೊನೆಯ ಡ್ರಮ್ಮಿನಲ್ಲಿ ಇರುವುದೂ ಅದೇ ಸಂದು. ಮೆಷಿನ್ ನಿಂತಿರುವಾಗಲೇ ಅದನ್ನು ಕಣ್ಣಲ್ಲಿ ಹುಡುಕಿಟ್ಟುಕೋ. ಅಲ್ಲಿ ಗಾರ್ಡ್, ಅಂದರೆ ಕೈ ಹೋಗದಂತೆ ಮುಚ್ಚುವ ಕವರ್, ಇರಲೇಬೇಕು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾನೂನು ಹೇಳುವ ಮಾತು ಇದು. ಗಾರ್ಡ್ ಇದೆ ಅಂತ ಸುಮ್ನಾಗಬೇಡ, ಬೋಲ್ಟ್ ನೋಡು. ನಾಲ್ಕು ಇರಬೇಕಾದಲ್ಲಿ ಒಂದೇ ಇದ್ದರೆ, ಅದೂ ಬೆರಳಲ್ಲಿ ತಿರುಗಿದರೆ, ಅದನ್ನು ದಿನಾ ಬಿಚ್ಚುತ್ತಿದ್ದಾರೆ ಅಂತ ತಿಳಿ.

ಡ್ರಿಲ್, ಲೇತ್ ಓಡುವಾಗ ಗ್ಲೌಸ್ ಬೇಡ. ಒಂದು ಎಳೆ ಸಿಕ್ಕಿದರೂ ಕೈ ಸುತ್ತಿಕೊಳ್ಳುತ್ತದೆ. ವೇಲ್ ಲಾಕರಿನಲ್ಲಿ, ಜಡೆ ಟೋಪಿಯೊಳಗೆ, ಬಳೆ ರೂಮಿನಲ್ಲೇ. ಅಜ್ಜಿಗೆ ನಾನು ಹೇಳುತ್ತೇನೆ. ಲೇತಿನಿಂದ ಬರುವ ಕಬ್ಬಿಣದ ಸುರುಳಿಯನ್ನು ಕೊಕ್ಕೆಯಿಂದ ಎಳೆ, ಅದೂ ನಿಲ್ಲಿಸಿದ ಮೇಲೆ. ತುಂಡನ್ನು ಹಿಡಿದು ತಿರುಗುವ ಭಾಗ ಚಕ್, ಅದನ್ನು ಬಿಗಿ ಮಾಡುವ ಕೀಲಿ ಚಕ್ ಕೀ; ಅದನ್ನು ಚಕ್ಕಿನಲ್ಲೇ ಬಿಟ್ಟು ಆನ್ ಮಾಡಿದರೆ ಮುಖಕ್ಕೇ ಹಾರಬಹುದು.

ಜಾಸ್ತಿ ಮೋಸ ಮಾಡುವುದು ಆಫ್ ಆದ ಮೆಷಿನ್. ಸ್ವಿಚ್ ಆರಿದರೂ ಫ್ಲೈವೀಲ್ ಅನ್ನುವ ಭಾರದ ಚಕ್ರ ತಿರುಗುತ್ತಿರುತ್ತದೆ. ಪೈಪಿನಲ್ಲಿ ಗಾಳಿಯ ಒತ್ತಡ ಉಳಿದಿರುತ್ತದೆ. ತಗಡು ಒತ್ತುವ ಪ್ರೆಸ್ಸಿನಲ್ಲಿ ಮೇಲೆ ನಿಂತ ತಲೆ ತನ್ನ ಭಾರಕ್ಕೇ ಇಳಿಯಬಹುದು. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದ್ದೇನಲ್ಲ ಅಂತ ರಿಪೇರಿಗೆ ಕೈ ಹಾಕುವವರಿದ್ದಾರೆ. ಅದು ನಿಲ್ಲಿಸೋಕೆ ಅಷ್ಟೇ. ರಿಪೇರಿಗೆ ಮೇನ್ ಆಫ್ ಆಗಬೇಕು, ಒಳಗಿನ ಗಾಳಿ ಬಿಡಬೇಕು, ತಲೆಗೆ ಆಸರೆ ಕೊಡಬೇಕು. ಮೇನಿಗೆ ಹಾಕುವ ಬೀಗ ರಿಪೇರಿ ಮಾಡುವವನದೇ, ಕೀಲಿ ಅವನ ಜೇಬಿನಲ್ಲಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು. ಓಡಿದರೆ ತಪ್ಪು ಸ್ವಿಚ್ ಆರಿಸಿದ್ದಾರೆ.

"ನಾನು ಇಷ್ಟು ವರ್ಷದಿಂದ ಹೀಗೇ ಮಾಡ್ತಿದ್ದೀನಿ, ಏನೂ ಆಗಿಲ್ಲ" ಅನ್ನುವ ಹಿರಿಯರು ಎಲ್ಲಾ ಶಾಪಿನಲ್ಲೂ ಇರುತ್ತಾರೆ. ಅವರಿಂದ ಕೆಲಸ ಕಲಿ, ಆ ಚಾಳಿ ಬೇಡ.

ಯಾವ ಮೆಷಿನ್ನಿಗೆ ಹಾಕಿದರು ಅಂತ ಬರಿ. ಪ್ರೆಸ್ ಆದರೆ, ಎರಡೂ ಕೈಯಲ್ಲಿ ಒತ್ತುವ ಬಟನ್ನಾ, ಕಾಲಿನ ಪೆಡಲ್ಲಾ ಅಂತಲೂ ನೋಡಿ ಬರಿ. ಪೆಡಲ್ ಆದರೆ ಕಾಲು ಒತ್ತುವಾಗ ಕೈ ಒಳಗೇ ಇರಬಹುದು, ಅವತ್ತೇ ಫೋನ್ ಮಾಡು.

ನಿನ್ನ ಅಪ್ಪ