ನಾಳೆ ಗ್ರೀಸ್‌ನ ರೋಡ್ಸ್ ದ್ವೀಪದ ಹಳೇ ಪಟ್ಟಣಕ್ಕೆ

ಎಲ್ಲರೂ ಬೆಳಿಗ್ಗೆ 8ಕ್ಕೆ ಹೋಟೆಲ್ ಬಾಗಿಲ ಬಳಿ ಸೇರಿ. ಬಿಸಿಲೇರುವ ಮೊದಲೇ ಕೋಟೆ ಒಳಗೆ ಹೋಗಿಬಿಡೋಣ. ದೊಡ್ಡಪ್ಪ, ದೊಡ್ಡಮ್ಮ, ದಯವಿಟ್ಟು ಶೂ ಹಾಕಿಕೊಳ್ಳಿ. ಅಲ್ಲಿನ ನೈಟ್ಸ್ (ಯೋಧರ) ಬೀದಿಗೆ ಉರುಟು ಕಲ್ಲು ಹಾಸಿದ್ದಾರೆ, ಚಪ್ಪಲಿ ಜಾರುತ್ತದೆ. ಮಗುವಿನ ತಳ್ಳುಗಾಡಿ ಬೇಡ, ಎತ್ತಿಕೊಂಡೇ ನಡೆಯೋಣ.

1309ರಿಂದ 1522ರವರೆಗೆ ಈ ಊರು ಸೇಂಟ್ ಜಾನ್ ನೈಟ್‌ಗಳು ಎಂಬ ಕ್ರೈಸ್ತ ಯೋಧರ ಕೈಲಿತ್ತು. ಆಮೇಲೆ ಆಟೊಮನ್ನರು, ಅಂದರೆ ತುರ್ಕಿಯ ಮುಸ್ಲಿಂ ದೊರೆಗಳು, ಬಂದರು. ಅದಕ್ಕೇ ನೈಟ್‌ಗಳ ಅರಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಸುಲೇಮಾನ್ ಮಸೀದಿ ಸಿಗುತ್ತದೆ. ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಬೇಕು, ಫೋಟೊಗಿಂತ ಅದು ಮುಖ್ಯ ಅಲ್ವಾ? ಅರಮನೆ ನೆಲದ ಮೊಸಾಯಿಕ್‌ಗಳು (ಸಣ್ಣ ಕಲ್ಲುಚೂರು ಜೋಡಿಸಿ ಮಾಡಿದ ಚಿತ್ರಗಳು) ಕೋಸ್ ದ್ವೀಪದಿಂದ ತಂದವು. ಅದರಲ್ಲಿ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾ ತಲೆಯನ್ನು ತಪ್ಪದೆ ನೋಡಿ, ತುಂಬಾ ಚೆನ್ನಾಗಿದೆ.

ಇದೇ ದ್ವೀಪದ ಲಿಂಡೋಸ್ ಗುಡ್ಡ ನಾಡಿದ್ದಿಗೆ. ನೀರು, ಟೋಪಿ ಎರಡು ದಿನವೂ ಬೇಕು.