ಮೆಗಾಪಿಕ್ಸೆಲ್ ನೋಡಿ ಕ್ಯಾಮೆರಾ ತಗೋಬೇಡಿ

ಮಾನ್ಯ ಸಂಪಾದಕರೇ,

ಎಸ್‌ಎಲ್‌ಆರ್ (ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ) ತಗೊಳ್ಳೋದಾ ಇಲ್ಲ ಜೇಬಲ್ಲಿ ಹಿಡಿಯೋ ಕಾಂಪ್ಯಾಕ್ಟ್ ಸಾಕಾ ಅಂತ ಕೇಳಿದ್ರೆ ಅಂಗಡಿಯವರು ಮೊದಲು ಹೇಳೋದೇ ಮೆಗಾಪಿಕ್ಸೆಲ್ ಲೆಕ್ಕ, ಇದು ನಂಗೆ ನಿಜವಾಗ್ಲೂ ಬೇಜಾರು. ಕೇಳ್ಬೇಕಾಗಿರೋದು ಸೆನ್ಸರ್ (ಬೆಳಕು ಹಿಡಿದು ಚಿತ್ರ ಮೂಡಿಸೋ ಚಿಪ್) ಎಷ್ಟು ದೊಡ್ಡದು ಅಂತ, ದೊಡ್ಡದಿದ್ದಷ್ಟೂ ಜಾಸ್ತಿ ಬೆಳಕು ಹಿಡಿಯುತ್ತೆ. ಸಾಧಾರಣ ಕಾಂಪ್ಯಾಕ್ಟ್‌ನಲ್ಲಿ ಅದು ಸುಮಾರು 6 ಮಿಮೀ ಅಗಲ, ಕಡಿಮೆ ಬೆಲೆಯ ಎಸ್‌ಎಲ್‌ಆರ್‌ನಲ್ಲೂ 22ರಿಂದ 24 ಮಿಮೀ, ವಿಸ್ತೀರ್ಣ ನೋಡಿದ್ರೆ 10 ಪಟ್ಟಿಗಿಂತ ಜಾಸ್ತಿ!

ನಮ್ಮ ಕರಾವಳೀಲಿ ರಾತ್ರಿ ಯಕ್ಷಗಾನದ ಫೋಟೋ ತೆಗೆಯೋಕೆ ಹೋದ್ರೆ ಈ ವ್ಯತ್ಯಾಸ ಗೊತ್ತಾಗುತ್ತೆ, ವೇಷಧಾರಿ ಗಿರಕಿ ಹೊಡೀತಿರ್ತಾರೆ, ಕಾಂಪ್ಯಾಕ್ಟ್ ಇನ್ನೂ ಫೋಕಸ್ ಹುಡುಕ್ತಾ ಇರುತ್ತೆ, ಅದರ ಪುಟಾಣಿ ಫ್ಲಾಶ್ ನಾಲ್ಕೈದು ಮೀಟರ್ ದಾಟೋದೇ ಕಷ್ಟ (ಕಲಾವಿದರ ಕಣ್ಣಿಗೆ ಫ್ಲಾಶ್ ಹೊಡೀಲೇಬಾರದು, ಅದು ಬೇರೆ ಮಾತು). ಅಲ್ಲಿ ಎಸ್‌ಎಲ್‌ಆರ್‌ಗೆ ಜಾಸ್ತಿ ಬೆಳಕು ಒಳಗೆ ಬಿಡೋ 50 ಮಿಮೀ ಎಫ್ 1.8 ಲೆನ್ಸ್ ಹಾಕಿ ಐಎಸ್‌ಒ (ಬೆಳಕಿಗೆ ಸ್ಪಂದಿಸೋ ಮಟ್ಟ) 1600 ಇಟ್ರೆ ಮುಖದ ಬಣ್ಣಗಾರಿಕೆ ಚೆನ್ನಾಗಿ ಬರುತ್ತೆ.

ಹಂಗಂತ ಎಲ್ರಿಗೂ ಎಸ್‌ಎಲ್‌ಆರ್ ಬೇಕು ಅಂತಲ್ಲ. ಹಗಲಲ್ಲಿ ಹಂಪಿ ಸುತ್ತೋಕೆ ಕಾಂಪ್ಯಾಕ್ಟೇ ಆರಾಮು. ರಂಗನತಿಟ್ಟಿಗೆ ಬರೀ ಎಸ್‌ಎಲ್‌ಆರ್ ಜೊತೆಗೇ ಬರೋ 18-55 ಮಿಮೀ ಕಿಟ್ ಲೆನ್ಸ್ ತಗೊಂಡ್ ಹೋದ್ರೆ ಕೊಕ್ಕರೆ ಚುಕ್ಕೆ ಥರ ಕಾಣುತ್ತೆ, ಒಳ್ಳೆ ಬಿಸಿಲಿದ್ರೆ 30 ಪಟ್ಟು ಝೂಮ್ ಇರೋ ಕಾಂಪ್ಯಾಕ್ಟೇ ಅದಕ್ಕಿಂತ ಹತ್ರ ತರುತ್ತೆ. ದೂರದ್ದನ್ನ ಹತ್ರ ತರೋ ಒಳ್ಳೆ ಟೆಲಿ ಲೆನ್ಸ್‌ಗೆ ಕ್ಯಾಮೆರಾಗಿಂತ ಜಾಸ್ತಿ ದುಡ್ಡು ಬೀಳಬಹುದು, ಇದನ್ನ ಖರೀದಿಗೆ ಮುಂಚೆನೇ ಹೇಳೋರು ಕಮ್ಮಿ. ಅಂಗಡಿಯವರು ಬೆಲೆ ಚೀಟಿ ಮೇಲೆ ಸೆನ್ಸರ್ ಅಳತೆನೂ ಹಾಕ್ಲಿ ಅಂತ ನನ್ನ ವಿನಂತಿ.

- ಒಬ್ಬ ಓದುಗ, ಉಡುಪಿ